ಕೈಗೆ ಸಿಕ್ಕ ಬೆನ್ನು

ಕಾಲು ಮುಂದಾಗಿ ಹುಟ್ಟಿದವನನ್ನು ನಮ್ಮ ಕಡೆ ಪಾಯಾಳು ಅನ್ನುತ್ತಾರೆ. ಮರಾಠಿ ಮಾತು, ಆದರೆ ಅಕ್ಕಲಕೋಟದ ಕನ್ನಡದವರ ಬಾಯಲ್ಲೂ ಅದೇ. ಹುಟ್ಟುವಾಗ ತಲೆಯ ಬದಲು ಪಾದ ಮೊದಲು ಹೊರಗಿಟ್ಟವನ ಕಾಲಿಗೆ ಒಂದು ಗುಣವಿರುತ್ತದಂತೆ. ಟೊಂಕ ಹಿಡಿದವರ ಬೆನ್ನಿಗೆ ಅವನು ಮೂರು ಸಲ ಬಲಗಾಲು ತಾಕಿಸಿದರೆ ಸಾಕು, ನೋವು ಬಿಟ್ಟುಹೋಗುತ್ತದಂತೆ. ನಾನು ಅಂಥವನು ಎಂದು ನಮ್ಮ ಓಣಿಗೆಲ್ಲ ಗೊತ್ತಿತ್ತು. ನನ್ನ ಹೆಸರು ಸಾತಲಿಂಗಪ್ಪ ಎಂಬುದು ಎಷ್ಟು ಮಂದಿಗೆ ಗೊತ್ತಿತ್ತೋ ನನಗೆ ಅನುಮಾನ.

ಐದು ವರ್ಷದವನಿದ್ದಾಗಿನಿಂದ ನನ್ನನ್ನು ಎತ್ತಿಕೊಂಡು ಹೋಗಿ ಯಾರಯಾರದೋ ಬೆನ್ನ ಹತ್ತಿರ ನಿಲ್ಲಿಸುತ್ತಿದ್ದರು. ಅಪ್ಪನ ತಾಯಿ ಕಸ್ತೂರಬಾಯಿ ಆಯಿಯಂತೂ ವಾರಕ್ಕೊಮ್ಮೆ ಪಡಸಾಲೆಯಲ್ಲಿ ಬೋರಲು ಮಲಗಿ ನನ್ನನ್ನು ಕೂಗುತ್ತಿದ್ದಳು. ಹಿರಿಯರಿಗೆ ಕಾಲು ತಾಕಿದರೆ ಪಾಪ. ಅದಕ್ಕೆ ತಾಕಿಸಿದ ಮೇಲೆ ಬಗ್ಗಿ ಅವರ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಒದ್ದು ನಮಸ್ಕಾರ ಮಾಡುವ ಈ ಕೆಲಸ ನನಗೆ ಬಹಳ ಸೇರುತ್ತಿತ್ತು. ಕೈಯಲ್ಲೊಂದು ಕಲ್ಲುಸಕ್ಕರೆ ಬೀಳುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಯಾರೋ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ದೊಡ್ಡವನಾಗುತ್ತ ಒಂದು ಯೋಚನೆ ತಲೆಗೆ ಹೊಕ್ಕಿತು. ನನ್ನ ಕಾಲಿನಿಂದ ಕೆಲವರ ಬೆನ್ನು ಎರಡು ದಿನದಲ್ಲಿ ನೆಟ್ಟಗಾಗುತ್ತಿತ್ತು, ಕೆಲವರದು ಆಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ 'ಅವರ ನಸೀಬ' ಅನ್ನುತ್ತಿದ್ದರು. ಆ ಉತ್ತರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಇಪ್ಪತ್ತೇಳನೆಯ ವಯಸ್ಸಿಗೆ ಅಪ್ಪ ನನ್ನನ್ನು ಮುಂಬಯಿಗೆ, ಬೀಗರೊಬ್ಬರ ಸೊಲ್ಲಾಪುರ ಚಾದರದ ಅಂಗಡಿಗೆ ಕಳಿಸಿದ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಬ್ಬ ಪಾರ್ಸಿ ಡಾಕ್ಟರ್ ಇದ್ದರು. ಎಲ್ಲರೂ ಅವರನ್ನು ಬಾವಾಜಿ ಅನ್ನುತ್ತಿದ್ದರು. ಅಮೇರಿಕೆಯಲ್ಲಿ ಕಲಿತು ಬಂದವರು. ಗುಳಿಗೆ ಇಲ್ಲ, ಸೂಜಿ ಇಲ್ಲ, ಕೊಯ್ಯುವುದಿಲ್ಲ, ಬರೀ ಕೈಯಿಂದ ಬೆನ್ನಿನ ಮಣಿಗಳನ್ನು ಅವುಗಳ ಜಾಗಕ್ಕೆ ಕೂಡಿಸುತ್ತಿದ್ದರು. ಒಂದು ದಿನ ನಮ್ಮ ಅಂಗಡಿಯ ಹಮಾಲನೊಬ್ಬ ಗೋಡೆ ಹಿಡಿದುಕೊಂಡು ಅವರ ಮೆಟ್ಟಿಲು ಹತ್ತಿದವನು ಅರ್ಧ ಗಂಟೆಯಲ್ಲಿ ನೆಟ್ಟಗೆ ನಡೆದು ಇಳಿದು ಬಂದ. ಮರುದಿನದಿಂದ ನಾನು ಚಾದರ ಮಡಚುವುದನ್ನು ಬಿಟ್ಟೆ.

ಒಂಬತ್ತು ವರ್ಷ ಅವರ ಹತ್ತಿರ ಕಲಿತೆ. ಮೊದಲ ಆರು ತಿಂಗಳು ಅವರು ಮನುಷ್ಯರ ಮೈ ಮುಟ್ಟಗೊಡಲೇ ಇಲ್ಲ. ಟೆಲಿಫೋನು ಪುಸ್ತಕದ ಒಂದು ಹಾಳೆಯ ಕೆಳಗೆ ತಲೆಗೂದಲೊಂದನ್ನು ಇಟ್ಟು, ಕಣ್ಣು ಮುಚ್ಚಿ ಬೆರಳಿನಿಂದ ಹುಡುಕು ಅನ್ನುತ್ತಿದ್ದರು. ಸಿಕ್ಕರೆ ಎರಡು ಹಾಳೆ, ಆಮೇಲೆ ಮೂರು. ಹನ್ನೊಂದು ಹಾಳೆಯ ಕೆಳಗಿನ ಕೂದಲು ನನ್ನ ಬೆರಳಿಗೆ ಸಿಕ್ಕ ದಿನ ಬಾವಾಜಿ ನನಗೆ ತಮ್ಮ ಬೆನ್ನು ಕೊಟ್ಟರು. ಅವರು ತೀರಿಕೊಂಡ ಮೇಲೆ ಊರ ಕಡೆ ಬಂದೆ. ಹಾಳಾದ್ದು, ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನೆನಪಾಗಲಿಲ್ಲ.

ಎಪ್ಪತ್ತನಾಲ್ಕರ ಯುಗಾದಿಗೆ ಸೊಲ್ಲಾಪುರದ ಮಂಗಳವಾರ ಪೇಠೆಯ ಒಂದು ಗಲ್ಲಿಯಲ್ಲಿ ಕೋಣೆ ಹಿಡಿದೆ. ಬೋರ್ಡು ಬರೆಯಲು ನಾಗಪ್ಪ ಎಂಬ ಪೇಂಟರನನ್ನು ಕರೆಸಿ, ಮರಾಠಿಯಲ್ಲಿ 'ಕಾಯರೋಪ್ರ್ಯಾಕ್ಟರ್' ಎಂದು ಬರೆಯಲು ಹೇಳಿದೆ, ಕೈಯಿಂದ ಬೆನ್ನುಮಣಿ ಕೂಡಿಸುವವನಿಗೆ ಇಂಗ್ಲಿಷಿನ ಹೆಸರು ಅದು. ಅವನಿಗೆ ಜಾಗ ಸಾಲಲಿಲ್ಲ. ಮೇಲಿನ ಸಾಲಿನಲ್ಲಿ ಸಣ್ಣದಾಗಿ 'ಕಾಯರೋ' ಎಂದು ಬರೆದು, ಕೆಳಗೆ ದಪ್ಪಕ್ಷರದಲ್ಲಿ 'ಪ್ರ್ಯಾಕ್ಟರ್' ಎಂದು ಎಳೆದ. ಮರಾಠಿಯಲ್ಲಿ 'ಕಾಯ್ ರೇ' ಅಂದರೆ 'ಏನೋ' ಎಂದು ಅರ್ಥ. ಕೆಳಗಿನ ದಪ್ಪಕ್ಷರವನ್ನು ಮಂದಿ ಟ್ರ್ಯಾಕ್ಟರ್ ಎಂದೇ ಓದಿಕೊಂಡರು. ಅವರಿಗೆಲ್ಲ ನನ್ನ ಬೋರ್ಡು 'ಏನೋ, ಟ್ರ್ಯಾಕ್ಟರ್ರಾ' ಎಂದು ಕೂಗಿದಂತೆ ಕೇಳುತ್ತಿತ್ತು. ಮೊದಲ ವಾರವೇ ಹಳ್ಳಿಯಿಂದ ಭೀಮಣ್ಣ ಎಂಬ ರೈತ ಬಂದು ಬಾಗಿಲ ಹೊರಗೇ ನಿಂತು, ತನ್ನ ಟ್ರ್ಯಾಕ್ಟರಿನ ಗೇರು ಬೀಳುತ್ತಿಲ್ಲ, ಬಂದು ನೋಡುತ್ತೀರಾ ಎಂದು ಕೇಳಿದ.

"ನಾ ಮನಶಾರ ಬೆನ್ನ ನೋಡಾಂವರಿ," ಅಂದೆ.

"ಹಂಗಾರ ಬೋರ್ಡ ಯಾಕ ಹಾಕೀರಿ ಟ್ರ್ಯಾಕ್ಟರಂದು?" ಎಂದು ನನ್ನನ್ನೇ ಬೈದು ಹೋದ. ಹೋಗುವಾಗ ಅವನ ಎಡ ಭುಜ ಬಲಕ್ಕಿಂತ ಒಂದು ಬೆರಳು ಕೆಳಗಿದ್ದದ್ದನ್ನು ಕಂಡೆ. ಕರೆಯಬೇಕು ಅನಿಸಿತು, ಕರೆಯಲಿಲ್ಲ.

ಕೋಣೆಯ ನಡುವೆ ನನ್ನ ಬೆಂಚು ಇತ್ತು. ಬೋರಲು ಮಲಗಿದವರ ಮೂಗು ಬಾಯಿ ಬಿಡುವಾಗಿರಲಿ ಎಂದು ತಲೆಯ ಕಡೆ ಒಂದು ತೂತು ಇಡಿಸಿದ್ದೆ. ಆ ತೂತಿನ ಬಗ್ಗೆ ಗಲ್ಲಿಯಲ್ಲಿ ಬಹಳ ಚರ್ಚೆ ನಡೆಯಿತು. ಎದುರುಗಡೆಯ ಕಿರಾಣಿ ಅಂಗಡಿಯವನು ಅದು ಹೆಣ ತೊಳೆಯುವ ಬೆಂಚು ಎಂದು ತೀರ್ಮಾನಿಸಿದ್ದ. ಮೂರು ಹೊತ್ತು ಮಿಲ್ಲಿನ ಭೋಂಗಾ ಕೂಗುತ್ತಿತ್ತು, ಪಾಳಿ ಮುಗಿಸಿದ ಮಂದಿ ಟೊಂಕದ ಮೇಲೆ ಕೈಯಿಟ್ಟುಕೊಂಡೇ ನನ್ನ ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಬಾಗಿಲಲ್ಲಿ ಕೂತು ಅವರ ನಡಿಗೆ ನೋಡಿ, ಇವನದು ಕೆಳಗಿನ ಮಣಿ, ಇವನದು ಕುತ್ತಿಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಬೇಸರವಾದರೆ ನಾನೇ ಬೆಂಚಿನ ಮೇಲೆ ಬೋರಲು ಮಲಗಿ ತೂತಿನಿಂದ ನೆಲದ ಫರಸಿ ಕಲ್ಲು ನೋಡುತ್ತಿದ್ದೆ.

ಮದುವೆಯ ಮಾತೂ ಎರಡು ಸಲ ಬಂದು ಹೋಯಿತು. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆ ನಮ್ಮ ಅಣ್ಣ 'ಬೆನ್ನ ಒತ್ತತಾನ' ಎಂದು ಹೇಳಿದ್ದ. ಅವರು ಚಹಾ ಪೂರ್ತಿ ಕುಡಿಯದೆ ಎದ್ದಿದ್ದರು.

ಅಪ್ಪ ಸಿದ್ದರಾಮಪ್ಪ ಅಕ್ಕಲಕೋಟದ ತನ್ನ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಒಂದೇ ಮಾತು ಹೇಳಿದ. "ದೇವರು ಪುಕ್ಕಟ ಕಾಲ ಕೊಟ್ಟಾನ. ನೀ ಒಂಬತ್ತು ವರ್ಷ ಕೈ ಹಿಡಕೊಂಡು ಕೂತಿ." ನಾನು ಇನ್ನು ಯಾರ ಬೆನ್ನಿಗೂ ಕಾಲು ಹಚ್ಚುವುದಿಲ್ಲ ಎಂದು ಅವನ ಮುಂದೆಯೇ ಆಣೆ ಮಾಡಿ ಬಂದೆ. ಕಲಿತ ವಿದ್ಯೆಗೆ ಒಬ್ಬರಾದರೂ ಬೆನ್ನು ಕೊಡಬೇಕು, ಇಲ್ಲವಾದರೆ ಬೋರ್ಡು ಇಳಿಸಿ ಚಾದರದ ಅಂಗಡಿಗೆ ಹೋಗಬೇಕು ಎಂಬುದು ನನ್ನ ಹಟ.

ಆ ಹಟ ನಾಲ್ಕು ತಿಂಗಳು ನಡೆಯಿತು. ಶ್ರಾವಣದಲ್ಲಿ ಒಂದು ದಿನ ಸೀರೆ ವ್ಯಾಪಾರದ ಮನೆತನದ ಸುಮಿತ್ರಾಬಾಯಿ, ಸೊಸೆಯ ಹೆಗಲ ಮೇಲೆ ಭಾರ ಹಾಕಿಕೊಂಡು ನರಳುತ್ತ ಒಳಗೆ ಬಂದಳು. ಐವತ್ತು ದಾಟಿದ ಹೆಂಗಸು. ನೀರಿನ ಹಂಡೆ ಎತ್ತುವಾಗ ಟೊಂಕ ಹಿಡಿದಿತ್ತು. ನಾನು ಮುತ್ತು ರತ್ನ ಬಂದಂತೆ ಎದ್ದು ಬೆಂಚು ಒರೆಸಿದೆ.

"ನೀ ಅಕ್ಕಲಕೋಟದ ಗಿರಿಜಾಬಾಯಿ ಮಗ ಅಲ್ಲೇನಪ್ಪ? ಪಾಯಾಳು?" ಅಂದಳು. ಅವಳ ತವರು ನಮ್ಮ ಓಣಿಯೇ ಆಗಿತ್ತು.

"ಹೌದ್ರಿ. ಮಲಗ್ರಿ ಇಲ್ಲಿ. ಬೆನ್ನಿನ ಮಣಕಾ ಎಲ್ಲಿ ಸರದದ ಕೈಲೇ ನೋಡ್ತೀನಿ."

ಅವಳು ನೋವಿನಲ್ಲೂ ಎರಡು ಹೆಜ್ಜೆ ಹಿಂದೆ ಸರಿದಳು. "ಕೈ ಹಚ್ಚೂದಂದ್ರ ಹೆಂಗಪ್ಪ? ಪರ ಗಂಡಸು ನೀ. ಮಂದಿ ಏನಂದಾರು? ಕಾಲ ಹಚ್ಚು. ಕಾಲ ಆದ್ರ ದೇವರದು."

ನಾನು ಬೆನ್ನೆಲುಬಿನ ಬಗ್ಗೆ ಹೇಳಿದೆ, ಬಾವಾಜಿಯ ಬಗ್ಗೆ ಹೇಳಿದೆ, ಸೊಸೆಯ ಮುಂದೆಯೇ ಸೆರಗಿನ ಮೇಲಿಂದಲೇ ನೋಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಬಾಗಿಲ ಕಡೆ ತಿರುಗಿದಳು. ಆಗ ನನಗೆ ಏನಾಯಿತೋ. ನಾಲ್ಕು ತಿಂಗಳಲ್ಲಿ ಆ ಕೋಣೆಯಲ್ಲಿ ನನ್ನದಲ್ಲದ ಉಸಿರು ಕೇಳಿದ್ದು ಅದೇ ಮೊದಲು. ಅವಳು ಹೋದರೆ ಮತ್ತೆ ನಾನು ಮತ್ತು ಆ ತೂತು. ಚಪ್ಪಲಿ ಕಳಚಿ, ಕಾಲು ತೊಳೆದು, ಮೂರು ಸಲ ತಾಕಿಸಿದೆ. ಆಮೇಲೆ ಬಗ್ಗಿ ನಮಸ್ಕಾರ ಮಾಡಿದೆ.

ಅವಳದು ಬರೀ ನರ ಹಿಡಿದ ನೋವು, ತಾನೇ ಬಿಡುವಂಥದ್ದು. ಮೂರನೆಯ ದಿನ ಬಿಟ್ಟಿತು. ನಾಲ್ಕನೆಯ ದಿನ ಅವಳ ಅತ್ತಿಗೆ ಬಂದಳು, ಆಮೇಲೆ ಅತ್ತಿಗೆಯ ಬೀಗರು ಬಂದರು. ದಸರೆಯ ಹೊತ್ತಿಗೆ ನನ್ನ ಕಟ್ಟೆಯ ಮೇಲೆ ಮುಂಜಾನೆಯಿಂದಲೇ ಮಂದಿ ಕೂರುತ್ತಿದ್ದರು, ಅಮಾವಾಸ್ಯೆಯ ದಿನವಂತೂ ಗಲ್ಲಿ ತುಂಬುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ತೆಂಗಿನಕಾಯಿ. ಹೆಣದ ಬೆಂಚು ಅಂದ ಕಿರಾಣಿ ಅಂಗಡಿಯವನೇ ಈಗ ಅವರಿಗೆ ಕಾಯಿ ಮಾರುತ್ತಿದ್ದ. ನಾನು ದಿನಾ ಕಾಯಿ ಚಟ್ನಿ ತಿಂದು ತಿಂದು ಶೇಂಗಾ ಚಟ್ನಿಪುಡಿಗೆ ಹಂಬಲಿಸುವಂತಾದೆ.

ಮಂದಿ ಬಂದರೆ ಒಂಟಿತನ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ, ಬಲಿಯಿತು. ಅವರು ನನ್ನ ಮುಖ ನೋಡುತ್ತಿರಲಿಲ್ಲ. ಒಳಗೆ ಬಂದವರೇ ಪಾದ ನೋಡಿ, ಬೋರಲು ಮಲಗಿ, ಎದ್ದು, ಕಾಯಿ ಇಟ್ಟು ಹೋಗುತ್ತಿದ್ದರು. ಕಾಲು ತಾಕಿಸಿದ ಮೇಲೆ ಬಗ್ಗಿ ಕೈಯಿಂದ ಒಂದಿಷ್ಟು ನೋಡುತ್ತೇನೆ ಅಂದರೆ ಧಡಕ್ಕನೆ ಏಳುತ್ತಿದ್ದರು. ಕೈ ತಾಕಿದರೆ ಕಾಲಿನ ಗುಣ ಇಳಿದುಹೋಗುತ್ತದೆ ಎಂದು ಯಾರೋ ಹಬ್ಬಿಸಿದ್ದರು.

ಬಸಯ್ಯ ಎಂಬ ನೇಕಾರ ಬಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮೂವತ್ತೈದು ವರ್ಷದವನು, ಮಗ್ಗದ ಗುಂಡಿಯಲ್ಲಿ ಕೂತು ಕೂತು ಬೆನ್ನು ಬಲಕ್ಕೆ ವಾಲಿತ್ತು. ಜೋಮು ಹಿಡಿದ ಎಡಗಾಲನ್ನು ಎಳೆದುಕೊಂಡು ನಡೆಯುತ್ತಿದ್ದ. ಬಾಗಿಲು ದಾಟುವ ಮೊದಲೇ ಅವನ ಯಾವ ಮಣಿ ಎತ್ತ ಸರಿದಿದೆ ಎಂದು ನನಗೆ ಕಂಡಿತ್ತು. ಬಾವಾಜಿಯ ಹತ್ತಿರ ಅಂಥ ಇಪ್ಪತ್ತು ಮಂದಿಯನ್ನು ನೆಟ್ಟಗೆ ಮಾಡಿದ್ದೆ.

"ಬಸಯ್ಯ, ಕಾಲಿಂದ ಇದು ಆಗಂಗಿಲ್ಲ. ಎಂಟು ದಿನ ಬಾ, ಕೈಲೇ ಕೂಡಸ್ತೀನಿ. ಕಾಯಿ ಬ್ಯಾಡ, ಏನೂ ಬ್ಯಾಡ. ನಿನ್ನ ಕಾಲ ಬೀಳತೀನಿ," ಅಂದೆ.

ಅವನು ನಕ್ಕ. "ಒತ್ತಾವ್ರು ಊರ ತುಂಬ ಅದಾರ್ರಿ. ಪಾಯಾಳು ನೀವೊಬ್ರೇ."

ಮೂರು ಸಲ ತಾಕಿಸಿಕೊಂಡು, ನನ್ನ ಪಾದಕ್ಕೆ ಹಣೆ ಹಚ್ಚಿ, ಬಂದಾಗಿನಷ್ಟೇ ವಾಲಿಕೊಂಡು ಹೋದ. ಆ ದಿನ ಇಡೀ ಮಂದಿಯ ಮೇಲೆ ಸಿಡಿಮಿಡಿ ಮಾಡಿದೆ. ಪಾಯಾಳುವಿಗೆ ಸಿಟ್ಟಿದ್ದಷ್ಟು ಗುಣ ಹೆಚ್ಚು ಎಂದು ಅವರು ಇನ್ನಷ್ಟು ಭಕ್ತಿಯಿಂದ ಮಲಗಿದರು.

ಸಂಕ್ರಾಂತಿಗೆ ಊರಿಗೆ ಹೋದೆ. ಅಪ್ಪ ಸಂತೋಷವಾಗಿದ್ದ, ಬಂದವರಿಗೆಲ್ಲ ಮಗನ ದವಾಖಾನೆಯ ಗದ್ದಲ ಹೇಳುತ್ತಿದ್ದ. ನಾನು ಅಡುಗೆಮನೆಯಲ್ಲಿ ಅವ್ವ ಗಿರಿಜಾಬಾಯಿಯ ಹತ್ತಿರ ಕೂತೆ. ಅವಳು ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಹತ್ತಿರ ನಾನು ಹೆಚ್ಚು ಮಾತಾಡಿದವನೇ ಅಲ್ಲ. ಆದರೂ ಅವತ್ತು ಬಾಯಿಗೆ ಬಂತು.

"ಅವ್ವಾ, ಒಂಬತ್ತು ವರ್ಷ ಕಲ್ತ ಕೈಗೆ ಸೊಲ್ಲಾಪುರದಾಗ ಒಂದ ಬೆನ್ನ ಸಿಗವಲ್ದು. ಯಾರಿಗೂ ನಾ ಬೇಕಾಗಿಲ್ಲ, ನನ್ನ ಕಾಲ ಬೇಕಾಗ್ಯದ. ಅದನ್ನಷ್ಟೇ ಕಡದು ಅಲ್ಲಿಟ್ಟು ಬಂದ್ರೂ ನಡೀತದ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ತಾಯಿಯೂ ಅಷ್ಟೇ ಎಂದು ನಾನು ಎದ್ದು ಬಂದೆ.

ಒಂದು ತಿಂಗಳಾದ ಮೇಲೆ ಒಂದು ಸೋಮವಾರ, ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದಾಗ, ಗಲ್ಲಿಯ ತುದಿಯಲ್ಲಿ ಅವ್ವ ಕಂಡಳು. ಟೊಂಕದ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಬರುತ್ತಿದ್ದಳು. ಜೊತೆಗೆ ಯಾರೂ ಇಲ್ಲ. ಅರವತ್ತು ವರ್ಷದಲ್ಲಿ ಒಬ್ಬಳೇ ಎಸ್ಟಿ ಬಸ್ಸು ಹತ್ತಿದವಳಲ್ಲ ಅವಳು. ನಾನು ಓಡಿಹೋಗಿ ಹಿಡಿದುಕೊಂಡೆ.

"ಏನಾತವ್ವ?"

"ಟೊಂಕ ಹಿಡದದ. ಎಂಟ ದಿನಾ ಆತು, ಬಗ್ಗಾಕ ಬರವಲ್ದು," ಎಂದು ಕಟ್ಟೆಯವರಿಗೂ ಕೇಳುವಂತೆ ಹೇಳಿದಳು.

ಒಳಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದೆ. ಅಭ್ಯಾಸಬಲದಿಂದ ತಂಬಿಗೆ ತಗೊಂಡು ಕಾಲು ತೊಳೆಯಲು ಹೊರಟೆ.

"ಕಾಲ ಬ್ಯಾಡ," ಅಂದಳು ಅವ್ವ. "ಕೈಲೇ ನೋಡು."

ನನಗೆ ಸಿಟ್ಟು ಬಂತು. ಯಾರ ಮೇಲೋ ಇದ್ದದ್ದೆಲ್ಲ ಅವಳ ಮೇಲೆ ಹೋಯಿತು. "ಯಾಕ, ನಿನಗ ನಂಬಿಕಿ ಇಲ್ಲೇನು? ಊರಿಗೆಲ್ಲ ಪಾಯಾಳು ಅಂತ ಹೇಳಿದಾಕಿ ನೀನೇ ಅಲ್ಲ? ನಿನ್ನ ದಯೆಯಿಂದ ಇಲ್ಲಿ ದೇವರಾಗಿ ಕುಂತೀನಿ."

ಅವಳು ಬೆಂಚಿನ ಅಂಚಿಗೆ ಕೂತಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡದೆ ಹೇಳಿದಳು.

"ನೀ ಪಾಯಾಳು ಅಲ್ಲ, ಸಾತಲಿಂಗ. ಎಲ್ಲಾರಂಗ ತಲಿ ಮುಂದ ಮಾಡೇ ಹುಟ್ಟೀದಿ."

ನಾನು ತಂಬಿಗೆ ಹಿಡಿದುಕೊಂಡೇ ನಿಂತೆ.

"ಬಾಣಂತನ ತವರಾಗಾತು, ಮರವಡ್ಯಾಗ. ನಮ್ಮವ್ವ, ಸೂಲಗಿತ್ತಿ ಸಕ್ಕುಬಾಯಿ, ನಾನು, ಮೂವರೇ. ಅವರಿಬ್ಬರೂ ಈಗ ಇಲ್ಲ. ನಿನಗಿಂತ ಮೊದಲ ನಮ್ಮ ಮನ್ಯಾಗ, ನಿಮ್ಮಪ್ಪನ ಅಣ್ಣತಮ್ಮಂದಿರ ಮಕ್ಕಳೆಲ್ಲಾ ಕೂಡಿ, ಏಳು ಗಂಡ ಹುಡುಗೂರು. ನಿಮ್ಮ ಆಯಿಗೆ ಹೆಣ್ಣ ಬೇಕಿತ್ತು. ಎಂಟನೇದಾಂವ ಹುಟ್ಟಿದ ಅಂತ ಸುದ್ದಿ ಮುಟ್ಟಿದ್ರ ಒಬ್ರೂ ನೋಡಾಕ ಬರಲಿಲ್ಲ. ನಿಮ್ಮಪ್ಪನೂ ಬರಲಿಲ್ಲ. ಹದಿಮೂರ ದಿನ ಬಾಗಿಲ ನೋಡಿದೆ. ಆಮ್ಯಾಲ ನಾನೇ ಒಂದು ಮಾತು ಹೇಳಿ ಕಳಿಸಿದೆ, ಹುಡುಗ ಪಾಯಾಳು ಹುಟ್ಯಾನ ಅಂತ. ಮರುದಿನಾನೇ ನಿಮ್ಮ ಆಯಿ ಗಾಡಿ ಕಟಿಸ್ಕೊಂಡು ಬಂದ್ಳು. ಮೊದಲ ನಿನ್ನ ಪಾದ ತಗೊಂಡು ಕಣ್ಣಿಗಿ ಒತ್ತಿಗೊಂಡ್ಳು."

ಬೆಂಚಿನ ಅಂಚು ಸವರುತ್ತ ಮತ್ತೆ ಹೇಳಿದಳು. "ಯಾರಿಗಾರ ನೀ ಬೇಕಾಗ್ಲಿ ಅಂತ ಮಾಡಿದೆ. ಇಷ್ಟ ದೂರ ಬರ್ತದ ಅಂತ ತಿಳೀಲಿಲ್ಲ."

ನನಗೆ ನಗು ಬರಬೇಕಿತ್ತು. ಮೂವತ್ತೇಳು ವರ್ಷ ಊರೆಲ್ಲ ಒಂದು ಸುಳ್ಳು ಕಾಲನ್ನು ನಂಬಿತ್ತು. ನಗು ಬರಲಿಲ್ಲ. ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಓಣಿ ತಿರುಗುತ್ತಿದ್ದ ಆ ಹುಡುಗನೇ ಇರಲಿಲ್ಲ ಎಂದು ಹೇಳಿದ ಹಾಗಾಯಿತು. ಹೊರಗೆ ಯಾರೋ ಕೆಮ್ಮಿದರು.

"ಮಲಗವ್ವ," ಅಂದೆ.

ಅವಳು ಬೋರಲು ಮಲಗಿದಳು. ತೂತಿನಲ್ಲಿ ಮುಖ ಇಟ್ಟಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಫರಸಿ ಕಲ್ಲು ಮತ್ತು ನನ್ನ ಎರಡು ಪಾದ ಅಷ್ಟೇ. ನಾನು ಕೈ ಉಜ್ಜಿ ಬಿಸಿ ಮಾಡಿಕೊಂಡು, ಸೆರಗಿನ ಮೇಲಿಂದ ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟೆ. ಒಂದು ವರ್ಷದಿಂದ ಸುಮ್ಮನಿದ್ದ ಬೆರಳುಗಳು. ಮರೆತಿರುತ್ತವೆ ಎಂದು ಹೆದರಿದ್ದೆ, ಮರೆತಿರಲಿಲ್ಲ. ಒಂದೊಂದೇ ಮಣಿ ಎಣಿಸುತ್ತ ಕೆಳಗೆ ಇಳಿದೆ. ನೀರು ಸೇದಿ, ಹಿಟ್ಟು ಬೀಸಿ, ಮೂವತ್ತು ಜನರ ರೊಟ್ಟಿ ಬಡಿದ ಬೆನ್ನು. ನನ್ನ ತಾಯಿಯ ಬೆನ್ನನ್ನು ನಾನು ಮುಟ್ಟಿದ್ದು ಅದೇ ಮೊದಲು.

ಟೊಂಕದವರೆಗೆ ಬಂದೆ. ಮತ್ತೆ ಮೇಲಿನಿಂದ ನೋಡಿದೆ. ಮೂರನೆಯ ಸಲ ನೋಡಿದೆ.

"ಇಲ್ಲೇನವ್ವ?" ಎಂದು ಒಂದು ಕಡೆ ಒತ್ತಿದೆ.

"ಹೂಂ, ಅಲ್ಲೇ."

ಒಂದು ಗೇಣು ಮೇಲೆ ಒತ್ತಿದೆ. "ಇಲ್ಲಿ?"

"ಅಲ್ಲೂ ಅದ."

ನೋವಿದ್ದವರು ಆ ಜಾಗಕ್ಕೆ ಬೆರಳು ಬರುತ್ತಲೇ ಉಸಿರು ಹಿಡಿಯುತ್ತಾರೆ. ಅವ್ವ ಹಾಯಾಗಿ ಉಸಿರಾಡುತ್ತಿದ್ದಳು. ಎಲ್ಲೂ ಬಿಗಿ ಇಲ್ಲ, ಬಿಸಿ ಇಲ್ಲ, ಒಂದು ಮಣಿಯೂ ಕೂದಲೆಳೆಯಷ್ಟು ಸರಿದಿಲ್ಲ. ಬಾಣಂತನದಲ್ಲಿ ಹೇಳಿ ಕಳಿಸಿದ್ದಳಲ್ಲ, ಅಂಥದೇ ಇನ್ನೊಂದು ಮಾತು ಕಟ್ಟಿಕೊಂಡು ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತು ಬಂದಿದ್ದಳು.

ಕಣ್ಣು ತುಂಬಿ ನನಗೆ ಏನೂ ಕಾಣದಾಯಿತು. ಅವಳು ಕೆಳಗೆ ನೋಡುತ್ತಿದ್ದದ್ದು ಒಳ್ಳೆಯದಾಯಿತು. ಸರಿಯಿದ್ದ ಬೆನ್ನಿಗೆ ಕೈ ಹಚ್ಚಬಾರದು ಎಂದು ಬಾವಾಜಿ ಸಾರಿ ಸಾರಿ ಹೇಳುತ್ತಿದ್ದರು. ಅವರ ಮಾತನ್ನು ನಾನು ಮುರಿದದ್ದು ಅದೊಂದೇ ಸಲ.

"ನಾಲ್ಕನೇ ಮಣಕಾ ಸರದದವ್ವ," ಅಂದೆ. "ಛಲೋ ಮಾಡಿದಿ ಬಂದದ್ದು."

"ನಂಗೂ ಹಂಗೇ ಅನಸಿತ್ತು," ಅಂದಳು.

ಅಂಗೈ ಚಾಚಿ ಅವಳ ಬೆನ್ನ ಮೇಲೆ ಇಟ್ಟು, ಮೆಲ್ಲಗೆ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಒತ್ತುತ್ತ ನಿಂತೆ. ಅರ್ಧ ಗಂಟೆಯಾಗಿರಬೇಕು. ಹೊರಗಿನವರು ಎರಡು ಸಲ ಬಾಗಿಲು ತಟ್ಟಿದರು, ನಾನು ತೆಗೆಯಲಿಲ್ಲ.

ಅವಳು ಎದ್ದು ಕೂತು, ಆ ಕಡೆ ಈ ಕಡೆ ಬಗ್ಗಿ ನೋಡಿದಳು. ತಾನೇ ಬಾಗಿಲು ತೆಗೆದು ಕಟ್ಟೆಯ ಮೇಲಿನವರಿಗೆಲ್ಲ ಹೇಳಿದಳು: "ಬೆನ್ನ ಹಗರಾತು ನೋಡ್ರಿ. ಕಾಲ ಹಚ್ಚಲಿಲ್ಲ, ಕೈಲೇ ಮಾಡಿದ. ನೀವೂ ಕೈಲೇ ನೋಡಿಸ್ಕೋರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿದ್ದ ಮುದುಕ ತನ್ನ ತೆಂಗಿನಕಾಯಿಯನ್ನು ಕಂಕುಳಿಗೆ ಒತ್ತಿಕೊಂಡು, "ತಾಯಿಗಿ ಕಾಲ ಹೆಂಗ ಹಚ್ಚತಾರ್ರಿ, ಅದಕ್ಕ ಕೈ ಹಚ್ಯಾರ. ನಮಗ ಕಾಲೇ ಇರಲಿ," ಅಂದ. ಉಳಿದವರು ಹೌದು ಹೌದು ಅಂದರು.

ಅವ್ವನ ಮುಖ ಸಣ್ಣದಾಯಿತು. ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಅಕ್ಕಲಕೋಟದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂರಿಸಿದೆ. ಬಸ್ಸು ಹೊರಡುವಾಗ ಅವಳು ಸರಳುಗಳ ಸಂದಿಯಿಂದ ನನ್ನ ಕೈ ಹಿಡಿದುಕೊಂಡಳು.

"ಇದು ಒಂದ ಸಲಕ್ಕ ಹೋಗೂ ನೋವಲ್ಲ ಅನಸ್ತದಪ್ಪ," ಅಂದಳು. "ಮುಂದಿನ ಸೋಮವಾರ ಮತ್ತ ಬರಲೇನು?"

"ಬಾ ಅವ್ವ," ಅಂದೆ. "ಬಾಳ ದಿನದ್ದದ. ವಾರಾ ವಾರಾ ಬರಬೇಕಾಗ್ತದ."